ಎರಡು ಸ್ಟೆಪ್ನಿ, ಒಬ್ಬನೇ ಡ್ರೈವರ್: ಬರ್ಡ್ಸ್‌ವಿಲ್ ಟ್ರ್ಯಾಕ್ ಪ್ರವಾಸ

ಹೊರಡುವ ಮುನ್ನ, ಅಡಿಲೇಡ್

ದಕ್ಷಿಣ ಆಸ್ಟ್ರೇಲಿಯಾದ ಮರೀ ಎಂಬ ಊರಿನಿಂದ ಕ್ವೀನ್ಸ್‌ಲ್ಯಾಂಡಿನ ಬರ್ಡ್ಸ್‌ವಿಲ್‌ಗೆ 517 ಕಿಲೋಮೀಟರ್. ಮಣ್ಣು, ಜಲ್ಲಿ, ಕಲ್ಲಿನ ದಾರಿ. ನಡುವೆ ಡೀಸೆಲ್ ಸಿಗುವುದು ಮುಂಗೆರಾನಿ ಎಂಬ ಒಂದೇ ಕಡೆ. ಮರೀ ಬಿಟ್ಟ ಮೇಲೆ ಬಹುಪಾಲು ದಾರಿಯಲ್ಲಿ ಫೋನ್ ಸಿಗ್ನಲ್ ಇಲ್ಲ. ಬೇಸಿಗೆಯಲ್ಲಿ ಒಬ್ಬನೇ ಅಲ್ಲಿಗೆ ಹೋಗುವುದು ಹುಚ್ಚು. ಜುಲೈ ಅಂದರೆ ಇಲ್ಲಿ ಚಳಿಗಾಲ. ಹಗಲು ಹಿತ, ರಾತ್ರಿ ಕೊರೆತ. ಹಾಗಾಗಿ ಜುಲೈಯನ್ನೇ ಆರಿಸಿಕೊಂಡೆ.

ಎರಡು ಗಾಡಿ ಜೊತೆಯಾಗಿ ಹೋದರೆ ಒಂದಕ್ಕೆ ಇನ್ನೊಂದು ಆಸರೆ. ಇದು ಕೆಟ್ಟರೆ ಅದು ಎಳೆಯುತ್ತದೆ, ಇಲ್ಲವೇ ಸಹಾಯ ತರಲು ಹೋಗುತ್ತದೆ. ಒಬ್ಬನೇ ಹೋದರೆ ಆ ಎರಡನೇ ಗಾಡಿಯ ಕೆಲಸವನ್ನು ಡಿಕ್ಕಿಯಲ್ಲಿರುವ ಸಾಮಾನೇ ಮಾಡಬೇಕು. ಹಾಗಂತ ಬಿಡಿಭಾಗದ ಅಂಗಡಿಯನ್ನೇ ತುಂಬಿಕೊಂಡರೆ ಆ ತೂಕಕ್ಕೇ ಸ್ಪ್ರಿಂಗು ಮುರಿಯುತ್ತದೆ, ಟೈರು ಬಿಸಿಯಾಗಿ ಒಡೆಯುತ್ತದೆ. ನನ್ನ ಗಾಡಿ ಟೊಯೋಟಾ ಪ್ರಾಡೋ, ಜನ, ಸಾಮಾನು, ಡೀಸೆಲ್ ಎಲ್ಲ ಸೇರಿ ಸುಮಾರು ಮೂರು ಟನ್ ದಾಟುವಂತಿಲ್ಲ. ಎಲ್ಲ ತುಂಬಿದ ಮೇಲೆ ಲಾರಿ ತೂಗುವ ವೇಬ್ರಿಡ್ಜಿಗೆ ಹೋಗಿ ನಿಲ್ಲಿಸಿ ನೋಡಿದೆ. ಬಂದ ಅಂಕಿ ನೋಡಿ ಮನೆಗೆ ವಾಪಸಾಗಿ ಒಂದಷ್ಟು ಇಳಿಸಿದೆ.

ಇಳಿಸಿದ್ದು ಯಾವುದು ಅಂತ ಹೇಳಿದರೆ ಕೆಲವರಿಗೆ ಆಶ್ಚರ್ಯ ಆಗಬಹುದು. ಮೊದಲು ಹೋದದ್ದು ಸ್ನ್ಯಾಚ್ ಸ್ಟ್ರಾಪ್, ಅಂದರೆ ಸಿಕ್ಕಿಬಿದ್ದ ಗಾಡಿಯನ್ನು ಇನ್ನೊಂದು ಗಾಡಿ ಎಳೆಯುವ ಎಲಾಸ್ಟಿಕ್ ಪಟ್ಟಿ. ಆ ಇನ್ನೊಂದು ಗಾಡಿ ನನಗೆ ಎಲ್ಲಿದೆ? ಎಳೆಯಲು ಯಾರಾದರೂ ಬಂದರೆ ಪಟ್ಟಿಯೂ ಅವರ ಹತ್ತಿರ ಇರುತ್ತದೆ. ಮುಂಭಾಗದ ರಿಕವರಿ ಕೊಕ್ಕೆ ಗಟ್ಟಿಯಾಗಿದೆ, ಅಷ್ಟು ಸಾಕು. (ಟ್ರೇಲರ್ ಸಿಕ್ಕಿಸುವ ಟೋ ಬಾಲ್‌ಗೆ ಮಾತ್ರ ಪಟ್ಟಿ ಕಟ್ಟಬಾರದು. ಅದು ಕಿತ್ತು ಗುಂಡಿನ ಹಾಗೆ ಹಾರಿ ಜನ ಸತ್ತಿದ್ದಾರೆ.) ಆಮೇಲೆ ಹೋದದ್ದು ಆಳೆತ್ತರದ ಹೈ-ಲಿಫ್ಟ್ ಜಾಕಿ. ಅದು ಜಾರಿದರೆ ದವಡೆಯೇ ಮುರಿಯಬಹುದು, ಪಕ್ಕದಲ್ಲಿ ಹಿಡಿಯಲು ಯಾರೂ ಇರುವುದಿಲ್ಲ. ಬದಲಿಗೆ ಬಾಟಲ್ ಜಾಕಿ, ಅದರಡಿಗೆ ಇಡಲು ದಪ್ಪ ಹಲಗೆ. ಡೀಸೆಲ್ ಕ್ಯಾನುಗಳನ್ನೂ ಬಿಟ್ಟೆ. ಈ ಗಾಡಿಗೆ ಎರಡು ಟ್ಯಾಂಕ್ ಸೇರಿ 150 ಲೀಟರ್ ಹಿಡಿಯುತ್ತದೆ. ಜಲ್ಲಿ ದಾರಿಯಲ್ಲಿ ನೂರು ಕಿಲೋಮೀಟರಿಗೆ 13 ಲೀಟರ್ ಕುಡಿದರೂ ಇಡೀ ಟ್ರ್ಯಾಕಿಗೆ 70 ಲೀಟರ್ ಹತ್ತಿರ. ಸುಮ್ನೆ ಯಾಕೆ ಹೊರಬೇಕು?

ಉಳಿಸಿಕೊಂಡದ್ದರಲ್ಲಿ ದೊಡ್ಡದು ಎರಡನೇ ಸ್ಟೆಪ್ನಿ. ಒಂದು ಹಿಂಬಾಗಿಲಿನ ಮೇಲೆ ಕಂಪನಿಯೇ ಕೊಟ್ಟದ್ದು. ಇನ್ನೊಂದನ್ನು ಎಲ್ಲಿಡುವುದು? ಹೆಚ್ಚಿನವರು ಛಾವಣಿಯ ಮೇಲೆ ಕಟ್ಟುತ್ತಾರೆ. ರಿಮ್ ಸಮೇತ ಒಂದು ಚಕ್ರ ಮೂವತ್ತು ಕಿಲೋಗಿಂತ ಜಾಸ್ತಿ. ಅದನ್ನು ತಲೆಯ ಮೇಲಿಂದ ಒಬ್ಬನೇ ಇಳಿಸುವಾಗ ಸೊಂಟ ಹಿಡಿದರೆ ಸೊಂಟಕ್ಕೆ ಸ್ಪೇರ್ ಇಲ್ಲ. ಹಿಂದಿನ ಸೀಟು ಮಡಚಿ ಒಳಗೆ ಮಲಗಿಸಿ, ನೆಲದ ಕೊಂಡಿಗಳಿಗೆ ರಾಚೆಟ್ ಪಟ್ಟಿಯಲ್ಲಿ ಬಿಗಿದೆ.

ಇಂಜಿನ್ನಿಗೆ: ಒಂದು ಬೆಲ್ಟ್, ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ಹೋಸ್, ಕ್ಲ್ಯಾಂಪ್‌ಗಳು, ಡೀಸೆಲ್ ಫಿಲ್ಟರ್, ಐದು ಲೀಟರ್ ಆಯಿಲ್, ಕೂಲೆಂಟ್, ಫ್ಯೂಸು. ಬೆಲ್ಟನ್ನು ಮನೆ ಮುಂದೆಯೇ ಬಿಚ್ಚಿ ಹಾಕಿ ನೋಡಿದೆ. ಟೆನ್ಷನರ್ ತಿರುಗಿಸಲು ಉದ್ದ ಹಿಡಿಯ ಸ್ಪ್ಯಾನರ್ ಬೇಕು, ಗಾಡಿ ಜೊತೆ ಬರುವ ಪುಟಾಣಿ ಟೂಲ್ ಕಿಟ್‌ನಿಂದ ಆಗಲ್ಲ ಅಂತ ಗೊತ್ತಾದದ್ದು ಆಗಲೇ. ಆ ಸ್ಪ್ಯಾನರ್ ಇಲ್ಲದಿದ್ದರೆ ಹೊಸ ಬೆಲ್ಟು ಬರೀ ರಬ್ಬರಿನ ಬಳೆ. ಊರಿಂದ ತಂದಿದ್ದ ಎಂ-ಸೀಲ್, ಒಂದು ಸುರುಳಿ ಕಟ್ಟುವ ತಂತಿ, ತನಗೆ ತಾನೇ ಅಂಟುವ ಸಿಲಿಕೋನ್ ಟೇಪು ಕೂಡ ಪೆಟ್ಟಿಗೆ ಸೇರಿದವು.

ನೀರು ಐವತ್ತು ಲೀಟರ್. ಒಂದೇ ಡ್ರಮ್ಮಿನಲ್ಲಲ್ಲ. ಎರಡು ದೊಡ್ಡ ಕ್ಯಾನು, ಉಳಿದದ್ದು ಬಾಟಲಿಗಳಲ್ಲಿ. ಒಂದು ಒಡೆದರೂ ಇನ್ನೊಂದು ಇರುತ್ತದೆ. ತಿನ್ನಲು ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ. ಅನ್ನಕ್ಕಿಂತ ಕಡಿಮೆ ನೀರು, ಕಡಿಮೆ ಗ್ಯಾಸ್.

ಕೊನೆಯದು ಪಿಎಲ್‌ಬಿ. ಅಪಾಯದಲ್ಲಿ ಸಹಾಯ ಕರೆಯುವ, ಅಂಗೈಯಷ್ಟು ದೊಡ್ಡ ಹಳದಿ ಡಬ್ಬಿ. ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಂದೇಶ ಹೋಗುತ್ತದೆ, ಕನಿಷ್ಠ 24 ಗಂಟೆ ಕೂಗುತ್ತಲೇ ಇರುತ್ತದೆ. ಇಲ್ಲಿನ ಸಾಗರ ಸುರಕ್ಷತಾ ಪ್ರಾಧಿಕಾರದಲ್ಲಿ ಅದನ್ನು ನೋಂದಾಯಿಸಬೇಕು. ದುಡ್ಡೇನಿಲ್ಲ. ಯಾರಿಗೆ ಫೋನ್ ಮಾಡಬೇಕು ಅನ್ನುವ ಕಡೆ ಹೆಂಡತಿಯ ನಂಬರು ಬರೆದೆ. ಡಬ್ಬಿಯನ್ನು ಡ್ಯಾಶ್‌ಬೋರ್ಡ್‌ನಲ್ಲಿ ಇಡಲಿಲ್ಲ, ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡೆ. ಗಾಡಿಗೇ ಬೆಂಕಿ ಬಿದ್ದರೆ ಒಳಗಿರುವ ಡಬ್ಬಿ ಯಾರಿಗೆ ಬೇಕು?

"ರೀ, ದಿನಾ ಸಂಜೆ ಏಳಕ್ಕೆ ಮೆಸೇಜ್ ಬರ್ಬೇಕು. ಬರ್ಲಿಲ್ಲ ಅಂದ್ರೆ ಬೆಳಿಗ್ಗೆ ಪೊಲೀಸರಿಗೆ ಫೋನ್ ಮಾಡ್ತೀನಿ," ಅಂದಳು. ಎಲ್ಲಿ ಮಲಗುತ್ತೇನೆ, ಯಾವ ದಾರಿ ಎಂಬ ಚೀಟಿ ಫ್ರಿಜ್ ಮೇಲೆ ಅಂಟಿತು.

ಮೊದಲ ದಿನ, ಹಾಕರ್‌ವರೆಗೆ

ಸುಮಾರು 400 ಕಿಲೋಮೀಟರ್, ಎಲ್ಲ ಟಾರು. ಹೇಳಲು ಹೆಚ್ಚೇನಿಲ್ಲ. ಕ್ಲೇರ್ ಕಣಿವೆಯ ದ್ರಾಕ್ಷಿತೋಟ ಮುಗಿದು ಗೋಧಿ ಹೊಲ, ಅದೂ ಮುಗಿದು ಕುರಿ ಮೇಯುವ ಬಯಲು. 1865ರಲ್ಲಿ ಜಾರ್ಜ್ ಗಾಯ್ಡರ್ ಎಂಬ ಸರ್ವೆ ಅಧಿಕಾರಿ ಕುದುರೆಯ ಮೇಲೆ ತಿರುಗಾಡಿ, ಗಿಡಗಳನ್ನು ನೋಡಿಯೇ ಒಂದು ಗೆರೆ ಎಳೆದ. ಅದರ ಉತ್ತರಕ್ಕೆ ಮಳೆ ನಂಬಿ ಬಿತ್ತಬೇಡಿ ಅಂದ. ಕೆಲವು ವರ್ಷ ಒಳ್ಳೆ ಮಳೆ ಬಂತು, ಜನ ಅವನನ್ನು ನೋಡಿ ನಕ್ಕು ಬಿತ್ತಿದರು. ಆಮೇಲೆ ಬರ ಬಂತು. ಗೆರೆಯಾಚೆಗಿನ ಪಾಳು ಮನೆಗಳ ಕಲ್ಲು ಗೋಡೆಗಳು ಇವತ್ತಿಗೂ ರಸ್ತೆ ಬದಿಯಲ್ಲಿ ಕಾಣುತ್ತವೆ.

ಸೂರ್ಯ ಮುಳುಗುವ ಮೊದಲೇ ಹಾಕರ್‌ನಲ್ಲಿ ನಿಂತೆ. ಮುಸ್ಸಂಜೆಗೆ ಕಾಂಗರೂಗಳು ರಸ್ತೆಗೆ ಬರುತ್ತವೆ. ಒಂದು ಗುದ್ದಿದರೆ ರೇಡಿಯೇಟರ್ ಹೋಯಿತು. ನನ್ನ ಪೆಟ್ಟಿಗೆಯಲ್ಲಿ ಹೋಸ್ ಇದೆ, ರೇಡಿಯೇಟರ್ ಇಲ್ಲ. ಹೊತ್ತು ಮುಳುಗಿದ ಮೇಲೆ ಓಡಿಸದಿರುವುದೇ ಅದಕ್ಕೆ ಮದ್ದು.

ಎರಡನೇ ದಿನ, ಮರೀ

ಲೀ ಕ್ರೀಕ್‌ನಲ್ಲಿ ಟ್ಯಾಂಕ್ ತುಂಬಿಸಿದೆ. ಇಲ್ಲಿನ ಕಲ್ಲಿದ್ದಲು ಗಣಿ 2015ರಲ್ಲಿ ಮುಚ್ಚಿತು. ಅಗಲ ರಸ್ತೆಗಳು, ಸಾಲು ಮನೆಗಳು, ಜನ ಮಾತ್ರ ಕಡಿಮೆ. ಮುಂದೆ ಲಿಂಡ್‌ಹರ್ಸ್ಟ್. ಅಲ್ಲಿ ದೊಡ್ಡ ಬೋರ್ಡು: ಯಾವ ಟ್ರ್ಯಾಕ್ ತೆರೆದಿದೆ, ಯಾವುದು ಮುಚ್ಚಿದೆ. ಬರ್ಡ್ಸ್‌ವಿಲ್ ಎದುರು ಹಸಿರು ಇತ್ತು.

ಜಲ್ಲಿ ಶುರುವಾಗುವ ಕಡೆ ಇಳಿದು ಟೈರಿನ ಗಾಳಿ ಇಳಿಸಿದೆ, 38ರಿಂದ 28ಕ್ಕೆ. ಟೈರು ಸ್ವಲ್ಪ ಮೆತ್ತಗಾದರೆ ಚೂಪು ಕಲ್ಲಿನ ಮೇಲೆ ಬಗ್ಗುತ್ತದೆ, ಗಟ್ಟಿ ಇದ್ದರೆ ಕೊಯ್ಯಿಸಿಕೊಳ್ಳುತ್ತದೆ. ಆದರೆ ಮೆತ್ತಗಿನ ಟೈರಿನಲ್ಲಿ ನೂರರ ವೇಗ ಹೋದರೆ ಅದು ಬಿಸಿಯಾಗಿ ಸಾಯುತ್ತದೆ. ಗಾಳಿ ಇಳಿಸಿದರೆ ವೇಗವನ್ನೂ ಇಳಿಸಬೇಕು, 70 ಅಥವಾ 80. ಹಲವರು ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆಯುತ್ತಾರೆ.

ನಡುವೆ ಫರೀನಾ. ಗಾಯ್ಡರ್ ಮಾತು ಕೇಳದೆ ಗೋಧಿ ಬೆಳೆಯುತ್ತೇವೆಂದು ಕಟ್ಟಿದ ಊರು. ಈಗ ಪಾಳು. ಚಳಿಗಾಲದ ಕೆಲವು ವಾರ ಸ್ವಯಂಸೇವಕರು ಬಂದು ನೆಲದಡಿಯ ಹಳೆ ಒಲೆಯಲ್ಲಿ ಬ್ರೆಡ್ ಸುಡುತ್ತಾರೆ. ಬಿಸಿ ಬನ್ನು ಸಿಕ್ಕಿತು. ಅದಕ್ಕೆ ಚಟ್ನಿಪುಡಿ ಹಚ್ಚಿಕೊಂಡೆ. ಪಕ್ಕದವರು ವಿಚಿತ್ರವಾಗಿ ನೋಡಿದರು.

ಮರೀ ತಲುಪಿದಾಗ ಮಧ್ಯಾಹ್ನ. ಒಂದು ಕಾಲಕ್ಕೆ ಇದು ಒಂಟೆಗಳ ಊರು. ಬಲೂಚಿಸ್ತಾನ, ಪೇಶಾವರ, ಸಿಂಧ್, ಪಂಜಾಬ್ ಕಡೆಯಿಂದ ಬಂದ ಒಂಟೆ ಹಿಂಡಿನವರು ಇಲ್ಲಿಂದ ಒಳನಾಡಿನ ಕುರಿ-ದನದ ಸ್ಟೇಷನ್‌ಗಳಿಗೆ, ಅಂದರೆ ಭಾರಿ ಸಾಕಣೆ ಜಮೀನುಗಳಿಗೆ, ಸಾಮಾನು ಸಾಗಿಸುತ್ತಿದ್ದರು. ಅವರಲ್ಲಿ ಎಷ್ಟೋ ಜನ ಆಗಿನ ಹಿಂದೂಸ್ತಾನದವರು. ಇಲ್ಲಿ ಎಲ್ಲರನ್ನೂ ಅಫ್ಘಾನರು ಅಂದುಬಿಟ್ಟರು. ರೈಲು ಹಳಿಯ ಒಂದು ಕಡೆ ಬಿಳಿಯರು, ಇನ್ನೊಂದು ಕಡೆ ಇವರು ಮತ್ತು ಮೂಲನಿವಾಸಿಗಳು. ಇವರು ಕಟ್ಟಿಕೊಂಡಿದ್ದ ಮಣ್ಣಿನ ಮಸೀದಿಯ ಮಾದರಿಯೊಂದನ್ನು ಈಗ ಮತ್ತೆ ಕಟ್ಟಿಟ್ಟಿದ್ದಾರೆ. ಖರ್ಜೂರದ ಮರಗಳೂ ಇವೆ. ನಾನು ಅಲ್ಲಿ ತುಂಬ ಹೊತ್ತು ನಿಂತೆ.

ಒಂಟೆ ಹೋಗಿ ಲಾರಿ ಬಂದ ಮೇಲೆ ಈ ದಾರಿಯ ಹೆಸರುವಾಸಿ ಮನುಷ್ಯ ಟಾಮ್ ಕ್ರೂಸ್. ಸಿನಿಮಾದವನಲ್ಲ, ಅಂಚೆಯವನು. 1936ರಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಮರೀಯಿಂದ ಬರ್ಡ್ಸ್‌ವಿಲ್‌ಗೆ ಅಂಚೆ, ದಿನಸಿ, ಇಂಧನ, ಔಷಧಿ ಎಲ್ಲ ಸಾಗಿಸಿದ. ಲೇಲ್ಯಾಂಡ್ ಬ್ಯಾಜರ್ ಲಾರಿ. ಮರಳ ದಿಬ್ಬ ಬಂದರೆ ಕಬ್ಬಿಣದ ಹಾಳೆ ಹಾಸಿ ಅದರ ಮೇಲೆ ಹತ್ತಿಸುತ್ತಿದ್ದ. ಇವತ್ತು ನಾವು ಬಣ್ಣಬಣ್ಣದ ಪ್ಲಾಸ್ಟಿಕ್ ಹಲಗೆಗೆ ನೂರಾರು ಡಾಲರ್ ಕೊಡುತ್ತೇವಲ್ಲ, ಅದರ ಅಜ್ಜ ಅದು. ಆ ಲಾರಿ ಈಗ ಅಡಿಲೇಡ್ ಬೆಟ್ಟದ ಬರ್ಡ್‌ವುಡ್ ಮೋಟಾರು ಮ್ಯೂಸಿಯಂನಲ್ಲಿದೆ. ಹೊರಡುವ ಮೊದಲು ಹೋಗಿ ನೋಡಿದ್ದೆ. ನಮ್ಮ ಗಾಡಿಗಳಲ್ಲಿರುವ ಯಾವ ಸೆನ್ಸಾರೂ ಅದರಲ್ಲಿಲ್ಲ. ಕೈಯಲ್ಲಿ ರಿಪೇರಿ ಆಗದ್ದು ಅದರಲ್ಲಿ ಕಡಿಮೆ.

ನನ್ನದು ಹಾಗಲ್ಲ. ಹಾಗಾಗಿ ಪೆಟ್ಟಿಗೆಯಲ್ಲಿ ಗಾಡಿಯ ಕಂಪ್ಯೂಟರಿನ ದೋಷ ಓದುವ ಪುಟ್ಟ ಓಬಿಡಿ ರೀಡರ್ ಕೂಡ ಇದೆ. ಇಂಜಿನ್ ದೀಪ ಹತ್ತಿದರೆ ಅದು ಸುಮ್ನೆ ಸೆನ್ಸಾರಿನ ಗೋಳೋ, ನಿಜವಾದ ತೊಂದರೆಯೋ ಅಂತ ತಿಳಿಯಲು.

ಸಂಜೆ ಹೋಟೆಲ್ ಮುಂದೆ ಒಬ್ಬ ಮುದುಕ ನನ್ನ ಗಾಡಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಹರೆಯವೆಲ್ಲ ದನದ ಸ್ಟೇಷನ್‌ಗಳಲ್ಲಿ ಕಳೆದವನಂತೆ. ಛಾವಣಿ ಖಾಲಿ ಇರುವುದು ನೋಡಿ "ಒಳ್ಳೇದು" ಅಂದ. ಮತ್ತೇನೂ ಹೇಳಲಿಲ್ಲ.

ಮೂರನೇ ದಿನ, ಮುಂಗೆರಾನಿ

204 ಕಿಲೋಮೀಟರ್. ಹೊರಡುವ ಮೊದಲು ಬಾನೆಟ್ ಎತ್ತಿ ಆಯಿಲ್, ಕೂಲೆಂಟ್ ನೋಡಿದೆ, ಗಾಡಿ ಕೆಳಗೆ ಮಲಗಿ ಏನಾದರೂ ಸೋರುತ್ತಿದೆಯಾ ನೋಡಿದೆ. ಹತ್ತು ನಿಮಿಷದ ಕೆಲಸ. ಹೋಸ್ ಹೊಟ್ಟೆ ಉಬ್ಬಿದ್ದರೆ ಒಡೆಯುವ ಮೊದಲೇ ಕಣ್ಣಿಗೆ ಬೀಳುತ್ತದೆ.

ಲೇಕ್ ಹ್ಯಾರಿಯ ಪಾಳು ಮನೆ ದಾಟಿದ ಮೇಲೆ ನಾಯಿ ಬೇಲಿ ಬಂತು. ದಕ್ಷಿಣದ ಕುರಿಗಳನ್ನು ಡಿಂಗೋಗಳಿಂದ ಕಾಯಲು ಸುಮಾರು 5,600 ಕಿಲೋಮೀಟರ್ ಉದ್ದಕ್ಕೆ ಹಾಕಿದ ತಂತಿ ಬೇಲಿ. ಫೋಟೋಗೆ ಅಂಥ ಚಂದವೇನಿಲ್ಲ.

ಆಮೇಲೆ ಶುರುವಾಯಿತು ಅಲೆ ಅಲೆ ರಸ್ತೆ. ಸಿಮೆಂಟ್ ಶೀಟಿನ ಛಾವಣಿ ಮೇಲೆ ಗಾಡಿ ಓಡಿಸಿದ ಹಾಗೆ. ಹಲ್ಲು, ಕನ್ನಡಿ, ಡಬ್ಬಿ ಎಲ್ಲ ಒಟ್ಟಿಗೆ ಗಲಗಲ. ಈ ದಾರಿಯಲ್ಲಿ ಗಾಡಿ ಕೆಡುವುದು ಒಂದೇ ಏಟಿಗಲ್ಲ. ಗಂಟೆಗಟ್ಟಲೆ ನಡುಗಿ ನಡುಗಿ ನಟ್ಟು ಸಡಿಲವಾಗುತ್ತದೆ, ಬ್ರಾಕೆಟ್ ಬಿರುಕು ಬಿಡುತ್ತದೆ, ಶಾಕ್ ಅಬ್ಸಾರ್ಬರ್ ಬಿಸಿಯಾಗಿ ಆಯಿಲ್ ಕಕ್ಕುತ್ತದೆ. ಒಂದು ಗಂಟೆಗೊಮ್ಮೆ ನಿಲ್ಲಿಸಿ ಶಾಕ್ ಅಬ್ಸಾರ್ಬರಿನ ಹತ್ತಿರ ಕೈ ಹಿಡಿದು ನೋಡುತ್ತಿದ್ದೆ. ಬಿಸಿ ಜಾಸ್ತಿ ಅನ್ನಿಸಿದರೆ ಹತ್ತು ನಿಮಿಷ ಟೀ. ತಣ್ಣಗಾಗಲು ಸಮಯ ಕೊಟ್ಟರೆ ಅದು ಉಳಿಯುತ್ತದೆ.

ಮಧ್ಯಾಹ್ನದ ಹೊತ್ತಿಗೆ ಬೇರೆ ಗಾಡಿಗಳ ಜೊತೆ ಮಾತಾಡುವ ರೇಡಿಯೋದಲ್ಲಿ ಕೊರಕೊರ ಶುರುವಾಯಿತು. ಇಳಿದು ನೋಡಿದರೆ ಆಂಟೆನಾದ ಬ್ರಾಕೆಟ್ ಅರ್ಧ ಮುರಿದು ನೇತಾಡುತ್ತಿತ್ತು. ತಂತಿಯಲ್ಲಿ ಸುತ್ತಿ, ಮೇಲೆ ಟೇಪು ಬಿಗಿದೆ. ಜೊತೆಗೆ ಕೈಯಲ್ಲಿ ಹಿಡಿಯುವ ಯುಎಚ್‌ಎಫ್ ರೇಡಿಯೋ ಸೆಟ್ಟನ್ನೂ ಜೇಬಿಗೆ ಹಾಕಿಕೊಂಡೆ. ಎದುರಿಗೆ ದೂಳಿನ ಗೋಡೆ ಕಂಡರೆ ಅದರೊಳಗೆ ಐವತ್ತು ಮೀಟರಿಗೂ ಉದ್ದದ ರೋಡ್ ಟ್ರೇನ್, ಅಂದರೆ ಹಲವು ಟ್ರೇಲರ್ ಎಳೆಯುವ ಲಾರಿ, ಇರಬಹುದು. ಚಾನೆಲ್ 40ರಲ್ಲಿ ಅದರ ಡ್ರೈವರ್ ಮಾತಾಡುತ್ತಿರುತ್ತಾನೆ. ಕೇಳಿಸಿದ ಕೂಡಲೇ ಪಕ್ಕಕ್ಕೆ ಇಳಿದು ನಿಲ್ಲುವುದು ಒಳ್ಳೆಯದು. ಅದರ ಚಕ್ರದಿಂದ ಹಾರುವ ಕಲ್ಲಿಗೆ ವಿಂಡ್‌ಸ್ಕ್ರೀನ್ ಲೆಕ್ಕವಿಲ್ಲ.

ಕೂಪರ್ ಕ್ರೀಕ್ ಒಣಗಿತ್ತು. ದಡದಲ್ಲಿ ಒಂದು ದೋಣಿ ನಿಲ್ಲಿಸಿದ್ದಾರೆ, ಹೆಸರು ಟಾಮ್ ಬ್ರೆನನ್. 1949ರ ಪ್ರವಾಹದ ಕಾಲದ್ದು. ಮರುಭೂಮಿಯ ನಡುವೆ ದೋಣಿ ನೋಡಿ ನಗು ಬರುತ್ತದೆ. ಆದರೆ ದೂರದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಬಿದ್ದ ಮಳೆ ತಿಂಗಳುಗಳ ನಂತರ ಇಲ್ಲಿಗೆ ಹರಿದು ಬಂದಾಗ ರಸ್ತೆ ಮುಳುಗುತ್ತದೆ, ಆಗ ಗಾಡಿಗಳನ್ನು ಫೆರ್ರಿಯಲ್ಲೇ ದಾಟಿಸಬೇಕು. ಇಲ್ಲಿ ಮೋಡ ಇಲ್ಲದಿದ್ದರೂ ನೆರೆ ಬರುತ್ತದೆ.

ಮುಂಗೆರಾನಿ ಅಂದರೆ ಒಂದು ಹೋಟೆಲ್, ಒಂದು ಡೀಸೆಲ್ ಪಂಪು, ಬೋರ್‌ವೆಲ್ಲಿನ ಬಿಸಿನೀರಿನ ಕೊಳ. ಕತ್ತಲಲ್ಲಿ ಕೊಳದಲ್ಲಿ ಕುತ್ತಿಗೆವರೆಗೆ ಕೂತೆ. ಏಳಕ್ಕೆ ಸರಿಯಾಗಿ ಸ್ಯಾಟಲೈಟ್ ಮೆಸೆಂಜರಿನಲ್ಲಿ "ಮುಂಗೆರಾನಿ, ಎಲ್ಲ ಸರಿ" ಅಂತ ಕಳಿಸಿದೆ. "ಊಟ?" ಅಂತ ಉತ್ತರ ಬಂತು.

ನಾಲ್ಕನೇ ದಿನ, ಕಲ್ಲಿನ ಮರುಭೂಮಿ

ಇವತ್ತು 313 ಕಿಲೋಮೀಟರ್, ಸ್ಟರ್ಟ್‌ನ ಕಲ್ಲು ಮರುಭೂಮಿ ಹಾಯ್ದು. ಗಿಬ್ಬರ್ ಅನ್ನುವ ಕೆಂಪು ಕಲ್ಲುಗಳು ದಿಗಂತದವರೆಗೆ. ಗಾಳಿಗೆ ಉಜ್ಜಿ ಉಜ್ಜಿ ಮೇಲೆ ನುಣುಪು. ಒಡೆದದ್ದು ಮಾತ್ರ ಚಾಕು.

ಚಾರ್ಲ್ಸ್ ಸ್ಟರ್ಟ್ 1844ರಲ್ಲಿ ಅಡಿಲೇಡ್‌ನಿಂದ ಹೊರಟಾಗ ಒಳನಾಡಿನಲ್ಲಿ ಸಮುದ್ರ ಇದೆ ಎಂದು ನಂಬಿದ್ದ. ಗಾಡಿಯ ಮೇಲೆ ದೋಣಿ ಹೇರಿಕೊಂಡೇ ಬಂದ. ಜೊತೆಗೆ 200 ಕುರಿ. ಕುರಿಗಳು ಊಟಕ್ಕಾದವು. ದೋಣಿಗೆ ನೀರೇ ಸಿಗಲಿಲ್ಲ, ಅದನ್ನು ಮರುಭೂಮಿಯಲ್ಲೇ ಬಿಟ್ಟು ಹೋದ. ನನ್ನ ಪೆಟ್ಟಿಗೆಯಲ್ಲಿರುವ ದೋಣಿ ಯಾವುದಿರಬಹುದು ಅಂತ ಯೋಚಿಸುತ್ತಿದ್ದಾಗಲೇ ಡ್ಯಾಶ್‌ಬೋರ್ಡ್‌ನಲ್ಲಿ ಕಿಣಿಕಿಣಿ.

ಟೈರ್ ಪ್ರೆಷರ್ ಮಾನಿಟರ್. ಹಿಂದಿನ ಎಡ ಚಕ್ರ 24, 19, 15. ಆ ಪುಟ್ಟ ಮಾನಿಟರ್ ಇಲ್ಲದಿದ್ದರೆ ಈ ಗಲಗಲದಲ್ಲಿ ಗೊತ್ತೇ ಆಗುತ್ತಿರಲಿಲ್ಲ. ಒಂದೆರಡು ಕಿಲೋಮೀಟರ್ ಹೋಗಿದ್ದರೂ ರಿಮ್ಮು ಬಗ್ಗಿ ಹೋಗುತ್ತಿತ್ತು. ಸಮತಟ್ಟು ಜಾಗ ಹುಡುಕಿ, ದೂರದಿಂದ ಕಾಣುವ ಹಾಗೆ ನಿಲ್ಲಿಸಿದೆ.

ತುಳಿಯುವ ಭಾಗದಲ್ಲಿ ಮೊಳೆ ಚುಚ್ಚಿದ್ದರೆ ಪ್ಲಗ್ ತುರುಕಿ ಗಾಳಿ ತುಂಬಿ ಹೊರಡಬಹುದಿತ್ತು. ಇದು ಪಕ್ಕೆಯಲ್ಲಿ, ಹೆಬ್ಬೆರಳಿನ ಉದ್ದ ಕೊಯ್ತ. ಪಕ್ಕೆಗೆ ಪ್ಲಗ್ ನಿಲ್ಲಲ್ಲ. ಚಕ್ರವನ್ನೇ ಬದಲಿಸಬೇಕು.

ಅವಸರ ಮಾಡಲಿಲ್ಲ. ಮೊದಲು ನೀರು ಕುಡಿದೆ, ನೊಣದ ಬಲೆ ಮುಖಕ್ಕೆ ಹಾಕಿಕೊಂಡೆ. ಹ್ಯಾಂಡ್ ಬ್ರೇಕ್, ಎದುರು ಚಕ್ರದ ಹಿಂದೆ ಮುಂದೆ ಕಲ್ಲು. ಕಲ್ಲಿಗೇನು ಬರ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿದೆ. ಗಿಬ್ಬರ್‌ಗಳನ್ನು ಕಾಲಿನಿಂದ ಸರಿಸಿ, ಹಲಗೆ ಇಟ್ಟು, ಅದರ ಮೇಲೆ ಜಾಕಿ. ಹಲಗೆ ಇಲ್ಲದೆ ಕಲ್ಲಿನ ಮೇಲೆ ಜಾಕಿ ಇಟ್ಟರೆ ಜಾರುತ್ತದೆ. ಬಿಚ್ಚಿದ ಚಕ್ರವನ್ನು ಗಾಡಿಯ ಅಡಿಗೆ ತಳ್ಳಿದೆ. ಜಾಕಿ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ, ನನ್ನ ಕೈ ಮೇಲಲ್ಲ. ಒಬ್ಬನೇ ಇರುವವನಿಗೆ ಇದು ಮುಖ್ಯ. ಹೊಸ ಚಕ್ರವನ್ನು ಎತ್ತಲಿಲ್ಲ, ಸಲಿಕೆಯ ಹಿಡಿಯನ್ನು ಕೆಳಗೆ ತೂರಿಸಿ ಮೀಟಿ ಬೋಲ್ಟಿಗೆ ಕೂರಿಸಿದೆ. ಉದ್ದ ಹಿಡಿಯ ಸಲಿಕೆ ತನ್ನ ತೂಕಕ್ಕೆ ಬೆಲೆ ತಂದಿತು.

ಅಷ್ಟರಲ್ಲಿ ಒಂದು ಸ್ಟೇಷನ್ನಿನ ಯೂಟ್ (ಪಿಕಪ್ ಗಾಡಿ) ಬಂದು ನಿಂತಿತು. ಹಿಂದೆ ಎರಡು ನಾಯಿ. ಹುಡುಗಿ ಕಿಟಕಿ ಇಳಿಸಿ, "ಎಲ್ಲಾ ಸರಿ ಇದೆಯಾ? ನೀರಿದೆಯಾ? ಇನ್ನೊಂದು ಸ್ಪೇರ್ ಇದೆಯಾ?" ಅಂತ ಕೇಳಿದಳು. ಮೂರಕ್ಕೂ ಹೂಂ ಅಂದೆ. "ಹಾಗಿದ್ರೆ ಸರಿ," ಅಂತ ಹೊರಟಳು. ಈ ದಾರಿಯಲ್ಲಿ ಯಾರೂ ನಿಂತ ಗಾಡಿಯನ್ನು ಕೇಳದೆ ದಾಟುವುದಿಲ್ಲ.

ಅಲ್ಲಿಂದ ಬರ್ಡ್ಸ್‌ವಿಲ್‌ಗೆ ಇನ್ನೂ ನೂರು ಕಿಲೋಮೀಟರಿಗಿಂತ ಜಾಸ್ತಿ ಇತ್ತು, ಅದೂ ಇಂಥದ್ದೇ ಕಲ್ಲಿನ ಮೇಲೆ. ಎರಡನೇ ಸ್ಟೆಪ್ನಿಯ ಬೆಲೆ ಗೊತ್ತಾಗುವುದು ಇಲ್ಲಿ. ಅದನ್ನು ನಾನು ಮುಟ್ಟಲೇ ಇಲ್ಲ. ಆದರೆ ಅದು ಒಳಗೆ ಮಲಗಿದೆ ಎಂಬ ಕಾರಣಕ್ಕೆ ಉಳಿದ ದಾರಿಯನ್ನು ಸ್ಟೀರಿಂಗ್ ಹಿಂಡದೆ ಓಡಿಸಿದೆ. ಐವತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ನಟ್ಟುಗಳನ್ನು ಮತ್ತೆ ಬಿಗಿದೆ. ಒಂದು ನಟ್ಟು ಕಾಲು ಸುತ್ತು ತಿರುಗಿತು.

ಈ ಕಡೆಯಲ್ಲೇ 1963ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಿಂದ ವಲಸೆ ಬಂದಿದ್ದ ಒಂದು ಕುಟುಂಬ ಸತ್ತಿತು. ಅಪ್ಪ, ಅಮ್ಮ, ಮೂವರು ಗಂಡು ಮಕ್ಕಳು. ದಾರಿ ತಪ್ಪಿ ಪೆಟ್ರೋಲ್ ಮುಗಿಯಿತು. ಕಾರಿನಲ್ಲಿ ಚೀಟಿ ಬರೆದಿಟ್ಟು ನೀರು ಹುಡುಕಿಕೊಂಡು ನಡೆದರು. ಬಾಯಾರಿ ಸತ್ತರು. ಇಲ್ಲಿನವರು ಯಾರನ್ನೇ ಕೇಳಿ, ಮೊದಲ ಮಾತು ಇದೇ: ಗಾಡಿ ಬಿಟ್ಟು ಹೋಗಬೇಡ. ವಿಮಾನದಿಂದ ಗಾಡಿ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ನನ್ನ ಐವತ್ತು ಲೀಟರ್ ನೀರಿನ ಲೆಕ್ಕ ಇಷ್ಟೇ, ಅಲ್ಲೇ ಕೂತು ಕಾಯಲು.

ಬರ್ಡ್ಸ್‌ವಿಲ್‌ನ ವರ್ಕ್‌ಶಾಪಿನವನು ಟೈರ್ ನೋಡಿ ತಲೆ ಅಲ್ಲಾಡಿಸಿದ. "ಇದು ಮುಗೀತು. 265/65, 17 ಇಂಚು ಅಲ್ವಾ? ಇದೆ." ಹಿಂದಿನ ಗೋಡೆಯ ಹತ್ತಿರ ಅದೇ ಅಳತೆಯ ಟೈರಿನ ರಾಶಿಯೇ ಇತ್ತು. ಪಕ್ಕದಲ್ಲಿ ಇನ್ನೊಬ್ಬ ಹೊಳೆಯುವ 20 ಇಂಚಿನ ಚಕ್ರದ ಎಸ್‌ಯುವಿಯವನು ಲಾರಿಯಲ್ಲಿ ಟೈರ್ ಬರುವುದನ್ನು ಕಾಯುತ್ತಿದ್ದ. ಎಲ್ಲರೂ ಬಳಸುವ ಅಳತೆಯ ಚಕ್ರ ಹಾಕಿಕೊಂಡು ಬಂದರೆ ಅರ್ಧ ಸ್ಪೇರು ಮುಂದಿನ ಊರಿನಲ್ಲೇ ಇರುತ್ತದೆ.

ಐದನೇ ದಿನ, ಬಿಗ್ ರೆಡ್

ಬರ್ಡ್ಸ್‌ವಿಲ್‌ನಲ್ಲಿ ಜನ ನೂರರ ಆಸುಪಾಸು. 1884ರ ಹೋಟೆಲ್, ಸೆಪ್ಟೆಂಬರಿನ ಕುದುರೆ ರೇಸು, ಬೇಕರಿಯ ಒಂಟೆ ಮಾಂಸದ ಪೈ. ನಾನು ತಿಂದದ್ದು ತರಕಾರಿಯದ್ದು. ಕುಡಿಯುವ ನೀರು ಬರುವುದು ಸಾವಿರ ಮೀಟರಿಗೂ ಆಳದ ಬೋರ್‌ವೆಲ್ಲಿನಿಂದ, ಸುಮಾರು 98 ಡಿಗ್ರಿ ಕುದಿಯುತ್ತಾ ಮೇಲೆ ಬರುತ್ತದೆ. ತಣ್ಣಗೆ ಮಾಡಿ ನಲ್ಲಿಗೆ ಬಿಡುತ್ತಾರೆ.

ಊರಿನಿಂದ 35 ಕಿಲೋಮೀಟರ್ ಪಶ್ಚಿಮಕ್ಕೆ ಬಿಗ್ ರೆಡ್, ಸುಮಾರು 40 ಮೀಟರ್ ಎತ್ತರದ ಮರಳ ದಿಬ್ಬ. ಅಲ್ಲಿಂದಾಚೆ ಸಿಂಪ್ಸನ್ ಮರುಭೂಮಿ, ಸಾವಿರಕ್ಕೂ ಹೆಚ್ಚು ದಿಬ್ಬಗಳು. ಗಾಡಿ ಮೇಲೆ ಉದ್ದ ಕೋಲಿನ ತುದಿಗೆ ಬಾವುಟ ಕಟ್ಟಬೇಕು. ದಿಬ್ಬದ ಆ ಕಡೆಯಿಂದ ಬರುವವನಿಗೆ ಮೊದಲು ಕಾಣುವುದು ಬಾವುಟವೇ. ನಾನು ಕೆಳಗೆ ಗಾಡಿ ನಿಲ್ಲಿಸಿ ನಡೆದು ಹತ್ತಿದೆ. ಮರಳಿನಲ್ಲಿ ಒಬ್ಬನೇ ಸಿಕ್ಕಿಬಿದ್ದರೆ ಹಗ್ಗ ಸುತ್ತಿ ಗಾಡಿ ಎಳೆಯುವ ವಿಂಚ್ ಇದ್ದರೂ ಕಟ್ಟಲು ಮರ ಎಲ್ಲಿದೆ? ಸ್ಟೆಪ್ನಿಯನ್ನು ಆಳವಾಗಿ ಹೂತು ಅದಕ್ಕೆ ಕಟ್ಟಬಹುದು, ಆದರೆ ಅದು ಅರ್ಧ ದಿನದ ಗುಂಡಿ ತೋಡುವ ಕೆಲಸ. ಸಿಂಪ್ಸನ್‌ಗೆ ಒಬ್ಬನೇ ಹೋಗುವವರಿದ್ದಾರೆ. ನನ್ನ ಮಟ್ಟಿಗೆ ಆ ದಾರಿಗೆ ಸರಿಯಾದ ಸ್ಪೇರ್ ಅಂದರೆ ಇನ್ನೊಂದು ಗಾಡಿಯೇ.

ಸಂಜೆ ಊರಿನ ಹಳೆ ರಾಯಲ್ ಹೋಟೆಲಿನ ಪಾಳು ಕಟ್ಟಡ ನೋಡಿದೆ. 1923ರಿಂದ ಕೆಲ ವರ್ಷ ಅದು ನರ್ಸುಗಳು ನಡೆಸಿದ ಆಸ್ಪತ್ರೆ. ಜಾನ್ ಫ್ಲಿನ್ 1928ರಲ್ಲಿ ವಿಮಾನದ ಡಾಕ್ಟರ್ ಸೇವೆ ಶುರು ಮಾಡಿದ. ಆದರೆ ಡಾಕ್ಟರನ್ನು ಕರೆಯುವುದು ಹೇಗೆ? ಒಳನಾಡಿನಲ್ಲಿ ಕರೆಂಟಿಲ್ಲ. ಅಡಿಲೇಡ್‌ನ ಆಲ್ಫ್ರೆಡ್ ಟ್ರೇಗರ್ 1929ರ ಹೊತ್ತಿಗೆ ಪೆಡಲ್ ತುಳಿದು ಕರೆಂಟ್ ಮಾಡುವ ರೇಡಿಯೋ ಕಟ್ಟಿಕೊಟ್ಟ. ಬ್ಯಾಟರಿ ಸತ್ತರೂ ಕಾಲು ಇದೆಯಲ್ಲ. ನನ್ನ ಸೊಂಟದ ಹಳದಿ ಡಬ್ಬಿ ಅದೇ ವಂಶದ್ದು.

ಮಳೆ

ಬೆಳಿಗ್ಗೆ ಏಳುವಾಗ ತಗಡಿನ ಮೇಲೆ ಟಪಟಪ. ಹೆಚ್ಚೇನೂ ಅಲ್ಲ, ನಮ್ಮೂರಿನಲ್ಲಿ ಇದನ್ನು ಮಳೆ ಅನ್ನುವುದೇ ಇಲ್ಲ. ಆದರೆ ಇಲ್ಲಿನ ಜೇಡಿಮಣ್ಣಿಗೆ ಅಷ್ಟೇ ಸಾಕು. ಒಂಬತ್ತರ ಹೊತ್ತಿಗೆ ಟ್ರ್ಯಾಕ್ ಮುಚ್ಚಿತು. ಮುಚ್ಚಿದ ರಸ್ತೆಯಲ್ಲಿ ಓಡಿಸಿದರೆ ಭಾರಿ ದಂಡ. ದಂಡಕ್ಕಿಂತ ಹೆಚ್ಚಾಗಿ, ಒಬ್ಬ ಬಿಟ್ಟುಹೋದ ಗಾಲಿಯ ಹಳ್ಳ ಒಣಗಿ ಕಲ್ಲಾಗಿ ಉಳಿದವರನ್ನು ತಿಂಗಳುಗಟ್ಟಲೆ ಕಾಡುತ್ತದೆ.

ಕ್ಯಾಂಪಿನಲ್ಲಿ ಸುಮಾರು ಜನ ಗಡಿಬಿಡಿ ಮಾಡಿದರು. ಸೋಮವಾರ ಆಫೀಸು, ಬುಕ್ ಮಾಡಿದ ರೂಮು. ನಾನು ರಜೆ ಹಾಕುವಾಗಲೇ ಕೆಲವು ದಿನ ಹೆಚ್ಚು ಹಾಕಿದ್ದೆ. ಅವಸರದಲ್ಲಿರುವವನೇ ಕೆಸರಿಗೆ ಇಳಿಯುವುದು. ಉಪ್ಪಿಟ್ಟು ಮಾಡಿ ಪಕ್ಕದ ಟೆಂಟಿನವರಿಗೂ ಕೊಟ್ಟೆ. ಖಾರ ಅಂದರು, ಮತ್ತೆ ಹಾಕಿಸಿಕೊಂಡರು. ಫೋನ್ ಸಿಗ್ನಲ್ ಇತ್ತು. "ಮೆಸೇಜ್ ಬೇಡ, ಮಾತಾಡಿ," ಅಂದಳು ಹೆಂಡತಿ. ಪಂಕ್ಚರ್ ವಿಷಯ ಆಗಲೇ ಹೇಳಿದೆ.

ಬಿಸಿಲು, ಗಾಳಿ ಬಂದ ಮೇಲೆ ರಸ್ತೆ ತೆರೆಯಿತು.

ವಾಪಸು ದಾರಿ

ಮುಂಗೆರಾನಿಯಲ್ಲಿ ಒಂದು ರಾತ್ರಿ ಮಲಗಿ ಮುಂದೆ ಹೊರಟೆ. ಕೂಪರ್ ದಾಟಿ ಸ್ವಲ್ಪ ದೂರದಲ್ಲಿ ಒಂದು ಹಳೆಯ ವ್ಯಾನು, ಬಾನೆಟ್ ಎತ್ತಿ ನಿಂತಿತ್ತು. ವಯಸ್ಸಾದ ಗಂಡ ಹೆಂಡತಿ. ರೇಡಿಯೇಟರ್ ಹೋಸಿನ ತುದಿ ಸೀಳಿ ಕೂಲೆಂಟೆಲ್ಲ ನೆಲದ ಪಾಲು. ನನ್ನ ಹೋಸ್ ಅವರ ಗಾಡಿಗೆ ಕೂರುವುದಿಲ್ಲ. ಬಿಡಿಭಾಗದ ಗೋಳೇ ಅದು, ನನ್ನದು ನನಗೆ ಮಾತ್ರ. ಆದರೆ ತಂತಿ, ಟೇಪು, ನೀರು ಎಲ್ಲ ಗಾಡಿಗೂ ಆಗುತ್ತದೆ.

ಇಂಜಿನ್ ತಣ್ಣಗಾಗುವವರೆಗೆ ಕಾದೆವು. ಸೀಳಿದ ತುದಿಯನ್ನು ಚಾಕುವಿನಿಂದ ಕತ್ತರಿಸಿದರೆ ಉಳಿದದ್ದು ಹೇಗೋ ಎಟುಕಿತು. ಅವರ ಕ್ಲ್ಯಾಂಪ್ ತುಕ್ಕು ಹಿಡಿದು ಮುರಿಯಿತು, ನನ್ನದು ಅಳತೆಗೆ ಸಣ್ಣದು. ಆಗ ಆ ಅಜ್ಜ ತಂತಿ ಕೇಳಿದ. ಜೋಡಿ ಎಳೆ ಸುತ್ತಿ, ತುದಿಗಳನ್ನು ಕುಣಿಕೆಯೊಳಗೆ ತೂರಿಸಿ, ಸ್ಕ್ರೂಡ್ರೈವರಿನಿಂದ ತಿರುಚಿ ಬಿಗಿದ. ಇದಕ್ಕೆ ಕಾಬ್ ಆ್ಯಂಡ್ ಕೋ ಗಂಟು ಅನ್ನುತ್ತಾರಂತೆ. ಕುದುರೆ ಸಾರೋಟಿನ ಕಾಲದ ಕಂಪನಿಯ ಹೆಸರು. ಕ್ಲ್ಯಾಂಪಿಗಿಂತ ಗಟ್ಟಿಯಾಗಿ ಕೂತಿತು. ಮೇಲೆ ಟೇಪು ಸುತ್ತಿ ನನ್ನ ಕ್ಯಾನಿನಿಂದ ಎಂಟು ಲೀಟರ್ ನೀರು ಹಾಕಿದೆವು. ನನಗೂ ಆ ಗಂಟು ಕಲಿಸಿದ. ಮೂರನೇ ಸಲಕ್ಕೆ ಸರಿಯಾಗಿ ಬಂತು. ಮರೀವರೆಗೆ ಅವರ ಹಿಂದೆಯೇ ನಿಧಾನ ಬಂದೆ. ಒಂದು ಹನಿ ಸೋರಲಿಲ್ಲ.

ಟಾರು ರಸ್ತೆ ಸಿಕ್ಕ ಕಡೆ ಕಂಪ್ರೆಸರ್ ಹಚ್ಚಿ ಗಾಳಿಯನ್ನು ಮತ್ತೆ 38ಕ್ಕೆ ಏರಿಸಿದೆ. ಹಿಂದೆ ಇಬ್ಬರು ಅದನ್ನೇ ಕಾಯುತ್ತಾ ನಿಂತರು.

ಅಡಿಲೇಡ್‌ಗೆ ಬಂದು ಗಾಡಿ ತೊಳೆದಾಗ ಹಿಂದಿನ ಬಲ ಶಾಕ್ ಅಬ್ಸಾರ್ಬರ್ ಸೋರುತ್ತಿರುವುದು ಕಂಡಿತು. ಎರಡೂ ಹಿಂದಿನವನ್ನು ಒಟ್ಟಿಗೇ ಬದಲಿಸಿದೆ. ಆಂಟೆನಾಗೆ ದಪ್ಪ ಬ್ರಾಕೆಟ್ ಬಂತು. ಪೆಟ್ಟಿಗೆಗೆ ದೊಡ್ಡ ಅಳತೆಯ ಕ್ಲ್ಯಾಂಪ್‌ಗಳು, ಇನ್ನೊಂದು ಸುರುಳಿ ತಂತಿ ಸೇರಿದವು. ಐದು ಲೀಟರ್ ಆಯಿಲ್ ಎರಡಕ್ಕೆ ಇಳಿಯಿತು, ಇಡೀ ದಾರಿಯಲ್ಲಿ ಇಂಜಿನ್ ಒಂದು ಹನಿಯೂ ಕುಡಿದಿರಲಿಲ್ಲ. ಎರಡನೇ ಸ್ಟೆಪ್ನಿಯನ್ನು ಒಳಗಿಂದ ತೆಗೆಯುತ್ತಿದ್ದಾಗ, "ಅದನ್ನ ಮಾರ್ತೀರಾ?" ಅಂತ ಹೆಂಡತಿ ಕೇಳಿದಳು. ಮುಂದಿನ ಚಳಿಗಾಲಕ್ಕೆ ಸ್ಟ್ರೆಜ್ಲೆಕಿ ಟ್ರ್ಯಾಕ್ ಇದೆ ಅಂದೆ. "ನಾನೂ ಬರ್ತೀನಿ, ಆ ಟೈರ್ ಎಲ್ಲಿಡ್ತೀರಾ ಯೋಚ್ನೆ ಮಾಡಿ," ಅಂದಳು.